ಲೈವ್ ಮುಗಿದ ಮೇಲೆ ಕೈಯಲ್ಲಿ ಉಳಿಯುವುದೇನು?

ಹಿಂದೂಪುರದ ಮಗ್ಗುಲಿನ ಮುದಿರೆಡ್ಡಿಪಲ್ಲಿಯಲ್ಲಿ ಮಗ್ಗದಿಂದ ಇಳಿದ ರೇಷ್ಮೆ ಸೀರೆ ಗೌರಿಬಿದನೂರಿನ ಮನೆ ಸೇರಲು ಈಗ ನಾಲ್ಕು ಅಂಗಡಿ ದಾಟಬೇಕಾಗಿಲ್ಲ. ಒಂದು ಮೊಬೈಲು, ಒಂದು ರಿಂಗ್ ಲೈಟು, ಸೀರೆ ಬಿಡಿಸಿ ತೋರಿಸುತ್ತ ಮಾತಾಡಬಲ್ಲವರೊಬ್ಬರು ಇದ್ದರೆ ಸಾಕು. ಕಲ್ಯಾಣದುರ್ಗದ ಕಡಲೆಕಾಯಿ ಎಣ್ಣೆಗೂ ಚಟ್ನಿಪುಡಿಗೂ ಇದೇ ದಾರಿ ತೆರೆದಿದೆ. ಈ ದಾರಿ ಹಿಡಿಯಬೇಕೆಂದಿರುವ ಸಣ್ಣ ವ್ಯಾಪಾರಿಯ ಮುಂದಿರುವ ಮೊದಲ ಪ್ರಶ್ನೆ ಇದು: ಹೆಸರಿರುವ ಇನ್‌ಫ್ಲುಯೆನ್ಸರ್ ಒಬ್ಬರಿಂದ ಲೈವ್ ಮಾಡಿಸಬೇಕು, ಯೂಟ್ಯೂಬ್‌ನಲ್ಲೋ, ಇನ್‌ಸ್ಟಾಗ್ರಾಂನಲ್ಲೋ, ಫೇಸ್‌ಬುಕ್‌ನಲ್ಲೋ?

ಎಲ್ಲಿ ಹೆಚ್ಚು ಜನ ನೋಡುತ್ತಾರೋ ಅಲ್ಲಿ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿದೆ. ಆದರೆ ನೋಡಿದವರ ಸಂಖ್ಯೆ ಆ ಸಂಜೆಗೆ ಮುಗಿದುಹೋಗುವ ಲೆಕ್ಕ. ಲೈವ್ ಮುಗಿದ ಮೇಲೆ ವ್ಯಾಪಾರಿಯ ಕೈಯಲ್ಲಿ ಮೂರು ವಸ್ತು ಉಳಿಯಬೇಕು: ಮತ್ತೆ ಮತ್ತೆ ನೋಡಬಹುದಾದ ರೆಕಾರ್ಡಿಂಗ್, ಕೊಂಡವರ ಫೋನ್ ನಂಬರು, ಮತ್ತು ಅವರ ನಂಬಿಕೆ. ಈ ಮೂರನ್ನೂ ಉಳಿಸಿಕೊಡುವ ವೇದಿಕೆಯೇ ಒಳ್ಳೆಯ ವೇದಿಕೆ.

ಬಂದು ಹೋದ ವೇದಿಕೆಗಳು

ಲೈವ್‌ನಲ್ಲಿ ಮಾರುವುದು ದೊಡ್ಡ ಉದ್ಯಮವಾಗಿ ಬೆಳೆದದ್ದು ಚೀನಾದಲ್ಲಿ. ಅಲ್ಲಿ ಅಲಿಬಾಬಾ ಸಂಸ್ಥೆಯ ತಾವೊಬಾವೊ 2016ರಲ್ಲಿ ಲೈವ್ ಶುರುಮಾಡಿತು. ನೋಡುವುದು, ಕೇಳುವುದು, ಹಣ ಕಟ್ಟುವುದು ಎಲ್ಲವೂ ಅಲ್ಲಿ ಒಂದೇ ಆ್ಯಪ್‌ನೊಳಗೆ ನಡೆಯುತ್ತದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ನಮ್ಮ ಹಳ್ಳಿಗಳಿಗೂ ಅಗ್ಗದ ಡೇಟಾ ಸಿಕ್ಕಿತು. ಆದರೂ ಚೀನಾದ ಮಾದರಿ ಇಲ್ಲಿ ಬೇರು ಬಿಡಲಿಲ್ಲ. ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ಕೇಂದ್ರ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿತು. ವಿಡಿಯೋ ಮೂಲಕ ಮಾರುವ ಸಿಮ್‌ಸಿಮ್ ಆ್ಯಪ್ ಅನ್ನು ಕೊಳ್ಳುವುದಾಗಿ ಯೂಟ್ಯೂಬ್ 2021ರಲ್ಲಿ ಪ್ರಕಟಿಸಿತು. 2023ರಲ್ಲಿ ಆ ಆ್ಯಪ್ ಮುಚ್ಚಿತು. ಲೈವ್ ವಿಡಿಯೋದಲ್ಲೇ ವಸ್ತುಗಳನ್ನು ಜೋಡಿಸಿ ಮಾರುವ ಸೌಲಭ್ಯವನ್ನು ಫೇಸ್‌ಬುಕ್ 2022ರ ಅಕ್ಟೋಬರ್ 1ರಂದು, ಇನ್‌ಸ್ಟಾಗ್ರಾಂ 2023ರ ಮಾರ್ಚ್ 16ರಂದು ನಿಲ್ಲಿಸಿದವು.

ಟಿಕ್‌ಟಾಕ್‌ನಲ್ಲಿ ವರ್ಷಗಟ್ಟಲೆ ಕೂಡಿಸಿದ ಫಾಲೋವರ್ಸ್ ಒಂದೇ ರಾತ್ರಿಯಲ್ಲಿ ಇಲ್ಲವಾದದ್ದು ನಮ್ಮ ಕಣ್ಣೆದುರಿಗೇ ನಡೆದ ಸಂಗತಿ. ವೇದಿಕೆ ಇನ್ನೊಬ್ಬರ ಜಾಗ. ಅಲ್ಲಿ ನಮ್ಮದು ಬಾಡಿಗೆಯ ವಾಸ. ಹೀಗಾಗಿ ನಮ್ಮ ಕಡೆಯ ಸೀರೆ ಲೈವ್‌ಗಳು ತಾವೇ ಒಂದು ಪದ್ಧತಿ ಕಂಡುಕೊಂಡಿವೆ. ಸೀರೆಗೊಂದು ನಂಬರು ಹೇಳುತ್ತಾರೆ, ಒಡಲು, ಅಂಚು, ಸೆರಗು ತೋರಿಸುತ್ತಾರೆ. ಬೇಕಾದವರು ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್‌ಗೆ ಕಳಿಸುತ್ತಾರೆ. ಯುಪಿಐನಲ್ಲಿ ಹಣ, ಕೊರಿಯರ್‌ನಲ್ಲಿ ಸೀರೆ. ದೊಡ್ಡ ಕಂಪನಿಗಳ ಕಣ್ಣಿಗೆ ಇದು ಹಳೆಯ ಪದ್ಧತಿಯಂತೆ ಕಾಣಬಹುದು. ಆದರೆ ಕೊಂಡವರ ನಂಬರು ವ್ಯಾಪಾರಿಯ ಬಳಿಯೇ ಉಳಿಯುವುದು ಇದರ ದೊಡ್ಡ ಬಲ. ನಾಳೆ ಯಾವ ಆ್ಯಪ್ ಮುಚ್ಚಿದರೂ ಆ ಗಿರಾಕಿ ಕಳೆದುಹೋಗುವುದಿಲ್ಲ. ಒಂದು ಷರತ್ತು ಮಾತ್ರ: ಲೈವ್‌ನಲ್ಲಿ ಹೇಳುವ ವಾಟ್ಸ್ಆ್ಯಪ್ ನಂಬರು ಅಂಗಡಿಯದಾಗಿರಬೇಕು, ಇನ್‌ಫ್ಲುಯೆನ್ಸರ್‌ದಾಗಿರಬಾರದು. ಇದನ್ನು ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳಬೇಕು.

ಮೂರು ವೇದಿಕೆ, ಮೂರು ಗುಣ

ಯೂಟ್ಯೂಬ್‌ನಲ್ಲಿ ಮೊಬೈಲ್‌ನಿಂದ ಲೈವ್ ಮಾಡಲು ಚಾನೆಲ್‌ಗೆ ಕನಿಷ್ಠ 50 ಚಂದಾದಾರರು ಬೇಕು. 2025ರ ಜುಲೈನಿಂದ 16 ವರ್ಷ ತುಂಬದವರು ಒಬ್ಬರೇ ಲೈವ್ ಮಾಡುವಂತಿಲ್ಲ. ಮೊದಲ ಸಲ ಅನುಮತಿ ಸಿಗಲು 24 ಗಂಟೆ ಹಿಡಿಯಬಹುದು. ಹಬ್ಬದ ದಿನವೇ ಚಾನೆಲ್ ತೆರೆದು ಸಂಜೆಗೆ ಲೈವ್ ಮಾಡುತ್ತೇನೆಂದರೆ ಆಗುವುದಿಲ್ಲ. ಇದರ ದೊಡ್ಡ ಗುಣ ನೆನಪು: 12 ಗಂಟೆಗಿಂತ ಕಡಿಮೆಯ ಲೈವ್ ತಾನಾಗಿಯೇ ಚಾನೆಲ್‌ನಲ್ಲಿ ಉಳಿಯುತ್ತದೆ. ಆರು ತಿಂಗಳ ನಂತರ ಯಾರೋ ಮದುವೆ ಸೀರೆ ಹುಡುಕಿದಾಗಲೂ ಅದು ಕಣ್ಣಿಗೆ ಬೀಳಬಹುದು. ಮನೆಯ ಟಿ.ವಿ.ಯಲ್ಲಿ ಅತ್ತೆ ಸೊಸೆ ಒಟ್ಟಿಗೆ ಕೂತು ನೋಡಲೂ ಇದು ಅನುಕೂಲ.

ಇನ್‌ಸ್ಟಾಗ್ರಾಂ 2025ರ ಆಗಸ್ಟ್‌ನಿಂದ ಲೈವ್ ಸೌಲಭ್ಯವನ್ನು ಸಾವಿರ ಫಾಲೋವರ್ಸ್ ಇರುವ ಸಾರ್ವಜನಿಕ ಖಾತೆಗಳಿಗೆ ಸೀಮಿತಗೊಳಿಸಿದೆ. ಹೊಸ ಅಂಗಡಿಗೆ ಅಷ್ಟು ಜನ ಇರುವುದಿಲ್ಲ. ಆಗ ಇನ್‌ಫ್ಲುಯೆನ್ಸರ್ ಖಾತೆಯಿಂದಲೇ ಲೈವ್ ಹೋಗಬೇಕಾಗುತ್ತದೆ, ಬಂದ ಜನ ಅವರ ಖಾತೆಯಲ್ಲೇ ಉಳಿಯುತ್ತಾರೆ. ಕಾಲೇಜು ಹುಡುಗಿಯರ ಕುರ್ತಿ, ಬ್ಲೌಸ್ ಡಿಸೈನ್, ಒಡವೆಗಳಂಥ ಹಗುರ ಬೆಲೆಯ ವಸ್ತುಗಳಿಗೆ ಈ ವೇದಿಕೆ ಹೊಂದುತ್ತದೆ. ಆ ವಯಸ್ಸಿನವರು ಹೆಚ್ಚಾಗಿ ಕೂಡುವುದು ಅಲ್ಲೇ.

ಫೇಸ್‌ಬುಕ್‌ನಲ್ಲಿ ಲೈವ್ ಮಾಡಲು ಖಾತೆಗೆ 60 ದಿನ ತುಂಬಿರಬೇಕು, 100 ಫಾಲೋವರ್ಸ್ ಇರಬೇಕು. ಊರಿನ ಹೆಸರಿನ ಗುಂಪುಗಳು, ನಡುವಯಸ್ಸಿನವರು, ಹೊರಗೆ ದುಡಿಯಲು ಹೋದ ನಮ್ಮೂರಿನವರು ಇನ್ನೂ ಅಲ್ಲಿದ್ದಾರೆ. ಆದರೆ 2025ರ ಫೆಬ್ರುವರಿ 19ರಿಂದ ಹೊಸ ಲೈವ್‌ಗಳ ರೆಕಾರ್ಡಿಂಗ್ ಅಲ್ಲಿ 30 ದಿನ ಮಾತ್ರ ಉಳಿಯುತ್ತದೆ. ಅಷ್ಟರೊಳಗೆ ಇಳಿಸಿಟ್ಟುಕೊಳ್ಳದಿದ್ದರೆ ದುಡ್ಡು ಕೊಟ್ಟು ಮಾಡಿಸಿದ ಲೈವ್ ಅಳಿಸಿಹೋಗುತ್ತದೆ.

ಈ ನಿಯಮಗಳು ಪದೇ ಪದೇ ಬದಲಾಗುತ್ತವೆ. ಆದ್ದರಿಂದ ಮುಂಗಡ ಕೊಡುವ ಮೊದಲು ಆ್ಯಪ್ ತೆರೆದು ಇಂದಿನ ನಿಯಮ ಏನೆಂದು ನೋಡಿಕೊಳ್ಳುವುದು ಕ್ಷೇಮ. ಡೇಟಾ ಲೆಕ್ಕವನ್ನೂ ಅಂದೇ ಹಾಕಿಕೊಳ್ಳಬೇಕು. ಸೀರೆಯ ಅಂಚು ಸ್ಪಷ್ಟವಾಗಿ ಕಾಣುವಂತೆ ಸೆಕೆಂಡಿಗೆ 4 ಮೆಗಾಬಿಟ್ ವೇಗದಲ್ಲಿ ಕಳಿಸಿದರೆ ಒಂದು ಗಂಟೆಗೆ ಸುಮಾರು 1.8 ಜಿಬಿ ಬೇಕು. ದಿನಕ್ಕೆ 1.5 ಜಿಬಿಯ ಪ್ಯಾಕ್ ಹಾಕಿಸಿಕೊಂಡವರ ಲೈವ್ ಗಂಟೆ ತುಂಬುವ ಮೊದಲೇ ಕುಂಟತೊಡಗುತ್ತದೆ. ಅಂಗಡಿಯಲ್ಲಿ ಫೈಬರ್ ಸಂಪರ್ಕ ಇದ್ದರೆ ಅಲ್ಲಿಂದಲೇ ಮಾಡುವುದು ಮೇಲು.

ಎರಡು ಭಾಷೆಯ ಗಿರಾಕಿ

ಆಂಧ್ರ-ಕರ್ನಾಟಕ ಗಡಿಯ ಈ ಊರುಗಳ ವಿಶೇಷ ಗಿರಾಕಿಯ ನಾಲಿಗೆಯಲ್ಲಿದೆ. ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರಂ ಕಡೆ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಬಹಳ. ಕನ್ನಡ ಶಾಲೆಗಳೂ ಇವೆ. ಪಾವಗಡದವರಿಗೆ ತೆಲುಗು ಹೊಸದಲ್ಲ, ಹಿಂದೂಪುರದ ಅಂಗಡಿಯವರಿಗೆ ಕನ್ನಡ ಹೊಸದಲ್ಲ. ಒಂದೇ ಲೈವ್‌ನಲ್ಲಿ ‘ಅಕ್ಕಾ, ಆ ಹಸಿರು ಸೀರೆ ಎಷ್ಟು?’ ಎಂದು ಒಬ್ಬರು ಬರೆದರೆ, ‘ಅಕ್ಕಾ, ರೇಟೆಂತ?’ ಎಂದು ಇನ್ನೊಬ್ಬರು ಬರೆಯುತ್ತಾರೆ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಕೂತು ಒಂದೇ ಭಾಷೆಯಲ್ಲಿ ಮಾತಾಡುವ ಲಕ್ಷ ಫಾಲೋವರ್ಸ್‌ನ ಇನ್‌ಫ್ಲುಯೆನ್ಸರ್‌ಗಿಂತ, ಎರಡೂ ಭಾಷೆಯಲ್ಲಿ ತಟ್ಟನೆ ಉತ್ತರ ಕೊಡುವ ಹತ್ತು ಸಾವಿರದವರು ಇಲ್ಲಿ ಹೆಚ್ಚು ಮಾರಬಲ್ಲರು.

ಆದ್ದರಿಂದ ಫಾಲೋವರ್ಸ್ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಕಳೆದ ಕೆಲವು ಲೈವ್‌ಗಳಲ್ಲಿ ಒಂದೇ ಹೊತ್ತಿಗೆ ಎಷ್ಟು ಮಂದಿ ಕೂತು ನೋಡಿದರು, ನೋಡಿದವರು ಯಾವ ಊರಿನವರು, ಯಾವ ವಯಸ್ಸಿನವರು ಎಂದು ಕೇಳಿ. ಈ ವಿವರ ಖಾತೆಯ ಒಳಗೇ ಇರುತ್ತದೆ. ಮುಚ್ಚುಮರೆ ಇಲ್ಲದವರು ತೋರಿಸುತ್ತಾರೆ.

ದುಡ್ಡು ಪಡೆದಿದ್ದರೆ ಹೇಳಬೇಕು

ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರ್‌ಗಳು ಗೂಡನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೇ ಬೆಲೆ ಕಟ್ಟುತ್ತಾರೆ. ಲೈವ್ ನೋಡುವ ಹೆಣ್ಣುಮಗಳಿಗೆ ಆ ಅವಕಾಶ ಇಲ್ಲ. ಅವಳು ಸೀರೆಯನ್ನು ಮುಟ್ಟುವುದಿಲ್ಲ. ತೋರಿಸುವವರ ಮಾತನ್ನು ನಂಬಿ ದುಡ್ಡು ಕಳಿಸುತ್ತಾಳೆ. ಆ ಮಾತಿನ ಹಿಂದೆ ಸಂಭಾವನೆ ಇದೆಯೋ ಇಲ್ಲವೋ ಎಂದು ತಿಳಿಯುವುದು ಅವಳ ಹಕ್ಕು.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿ 20ರಂದು ಹೊರಡಿಸಿದ ಮಾರ್ಗಸೂಚಿ ಇದನ್ನೇ ಹೇಳುತ್ತದೆ. ಹಣ ಪಡೆದಿರಲಿ, ಉಚಿತ ಸೀರೆ ಪಡೆದಿರಲಿ, ಇನ್‌ಫ್ಲುಯೆನ್ಸರ್ ಅದನ್ನು ತಿಳಿಸಬೇಕು. ಲೈವ್ ಆದರೆ ಆ ಸೂಚನೆ ಶುರುವಿನಿಂದ ಕೊನೆಯವರೆಗೆ ಎದ್ದು ಕಾಣುವಂತೆ ಇರಬೇಕು, ಏಕೆಂದರೆ ಅರ್ಧದಲ್ಲಿ ಬಂದವರಿಗೆ ಮೊದಲು ಹೇಳಿದ್ದು ಗೊತ್ತಿರುವುದಿಲ್ಲ. ಪ್ರಚಾರ ಯಾವ ಭಾಷೆಯಲ್ಲಿದೆಯೋ ಸೂಚನೆಯೂ ಆ ಭಾಷೆಯಲ್ಲೇ ಇರಬೇಕು. ಎರಡು ಭಾಷೆಯ ಲೈವ್‌ಗೆ ಸುಲಭ ದಾರಿ ಇದು: ‘ಇದು ಜಾಹೀರಾತು’ ಎಂದು ಕನ್ನಡದಲ್ಲೂ ತೆಲುಗಿನಲ್ಲೂ ದಪ್ಪ ಅಕ್ಷರದಲ್ಲಿ ಬರೆದ ಬೋರ್ಡನ್ನು ಹಿಂಬದಿಯ ಗೋಡೆಗೆ ತೂಗುಹಾಕುವುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಶಿಫಾರಸು ಮಾಡಿದವರನ್ನು ಒಂದು ವರ್ಷ, ಮತ್ತೆ ತಪ್ಪಿದರೆ ಮೂರು ವರ್ಷ ಪ್ರಚಾರದಿಂದ ದೂರ ಇಡಬಹುದು.

ವಸ್ತುವಿನ ಬಗ್ಗೆ ಆಡುವ ಮಾತಿಗೂ ಇದೇ ಎಚ್ಚರ ಬೇಕು. ಶುದ್ಧ ರೇಷ್ಮೆ ಎನ್ನುವುದಾದರೆ ಕೇಂದ್ರ ರೇಷ್ಮೆ ಮಂಡಳಿಯ ಬೆಂಬಲದ ಸಿಲ್ಕ್ ಮಾರ್ಕ್ ಚೀಟಿಯನ್ನು ಕ್ಯಾಮೆರಾಕ್ಕೆ ತೋರಿಸಿ. ಧರ್ಮಾವರಂ ಕೈಮಗ್ಗದ ಪಟ್ಟು ಸೀರೆಗೆ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಬೇರೆಡೆಯ ಪವರ್‌ಲೂಮ್ ಸೀರೆಗೆ ಆ ಹೆಸರು ಹಚ್ಚಿದರೆ ಕಾನೂನಿಗೆ ಅಡ್ಡ, ನೇಯ್ದವರ ಹೊಟ್ಟೆಗೂ ಹೊಡೆತ. ಕಡಲೆಕಾಯಿ ಎಣ್ಣೆ ಮಾರುವವರು ಎಫ್‌ಎಸ್‌ಎಸ್‌ಎಐ ನಂಬರು ತೋರಿಸಲಿ. ಈ ಎಣ್ಣೆಯಿಂದ ಸಕ್ಕರೆ ಕಾಯಿಲೆ ವಾಸಿ ಎನ್ನುವಂಥ ಮಾತು ಬೇಡವೇ ಬೇಡ.

ಲಾಭದ ನಿಜವಾದ ಲೆಕ್ಕ

ಒಂದು ಊಹೆಯ ಲೆಕ್ಕ ನೋಡೋಣ. ಒಂದು ಲೈವ್‌ಗೆ ಸಂಭಾವನೆ 6,000 ರೂಪಾಯಿ. ಅಂದು 12 ಸೀರೆ ಹೋದವು, ಎರಡು ವಾಪಸ್ ಬಂದವು, ಉಳಿದದ್ದು ಹತ್ತು. ಒಂದು ಸೀರೆಯ ಮೇಲೆ ಬಿದ್ದ ಪ್ರಚಾರದ ಖರ್ಚು 600 ರೂಪಾಯಿ. ಸೀರೆಗೆ ಸಿಗುವ ಲಾಭ 500 ಆಗಿದ್ದರೆ ಆ ಸಂಜೆ ಸಾವಿರ ರೂಪಾಯಿ ನಷ್ಟ. ಆದರೆ ರೆಕಾರ್ಡಿಂಗ್ ನೋಡಿ ಮುಂದಿನ ತಿಂಗಳುಗಳಲ್ಲಿ ಇನ್ನೂ ಐವರು ಕೊಂಡರೆ ಖರ್ಚು ಸೀರೆಗೆ 400ಕ್ಕೆ ಇಳಿಯುತ್ತದೆ, ಒಟ್ಟು 1,500 ರೂಪಾಯಿ ಉಳಿಯುತ್ತದೆ. ಲೈವ್ ನಷ್ಟದಿಂದ ಲಾಭಕ್ಕೆ ದಾಟಿದ್ದು ಮೊದಲ ಸಂಜೆಯ ಜನಜಂಗುಳಿಯಿಂದಲ್ಲ, ರೆಕಾರ್ಡಿಂಗ್ ಉಳಿದದ್ದರಿಂದ. ಯಾವ ಲೈವ್‌ನಿಂದ ಯಾವ ಗಿರಾಕಿ ಬಂದರು ಎಂದು ತಿಳಿಯಲು ಪ್ರತಿ ಲೈವ್‌ಗೂ ಬೇರೆ ಬೇರೆ ಕೂಪನ್ ಹೆಸರು ಇಟ್ಟರೆ ಸಾಕು.

ಗಡಿಯಲ್ಲಿ ತೆರಿಗೆಯ ಮಾತು ಮರೆಯುವಂತಿಲ್ಲ. ಹಿಂದೂಪುರದಿಂದ ಗೌರಿಬಿದನೂರಿಗೆ ದಾರಿ ಹತ್ತಿರವಿದ್ದರೂ ಪಾರ್ಸಲ್ ಹೋದರೆ ಅದು ಅಂತರರಾಜ್ಯ ಮಾರಾಟ. ವಹಿವಾಟು ಸಣ್ಣದಾದರೂ ಇಂಥ ಮಾರಾಟಕ್ಕೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕು. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ. ನಿಮ್ಮ ವಸ್ತು ಯಾವ ಸಾಲಿಗೆ ಸೇರುತ್ತದೆ ಎಂದು ಮೊದಲ ಪಾರ್ಸಲ್ ಕಳಿಸುವ ಮುನ್ನ ಲೆಕ್ಕಪತ್ರದವರನ್ನು ಕೇಳಿ.

ಹಾಗಾದರೆ ಯಾವುದನ್ನು ಆರಿಸಬೇಕು? ಮದುವೆ, ವರಮಹಾಲಕ್ಷ್ಮಿ, ಯುಗಾದಿಗೆ ಕೊಳ್ಳುವ ಬೆಲೆಬಾಳುವ ರೇಷ್ಮೆ ಸೀರೆಗೆ ಅಂಗಡಿಯ ಸ್ವಂತ ಯೂಟ್ಯೂಬ್ ಚಾನೆಲ್; ಇನ್‌ಫ್ಲುಯೆನ್ಸರ್ ಅಲ್ಲಿಗೆ ಅತಿಥಿಯಾಗಿ ಬರಲಿ. ಯುವಜನರ ಹಗುರ ಬೆಲೆಯ ವಸ್ತುಗಳಿಗೆ ಇನ್‌ಸ್ಟಾಗ್ರಾಂ. ಊರು ಬಿಟ್ಟು ಹೋದವರಿಗೆ ಊರಿನ ಎಣ್ಣೆ, ಪುಡಿ ಮುಟ್ಟಿಸಲು ಫೇಸ್‌ಬುಕ್ ಗುಂಪುಗಳು. ಎಲ್ಲಿ ಮಾಡಿದರೂ ರೆಕಾರ್ಡಿಂಗ್‌ನ ಒಂದು ಪ್ರತಿ ನಿಮ್ಮ ಬಳಿ ಇರಲಿ, ಆರ್ಡರ್ ನಿಮ್ಮ ನಂಬರಿಗೇ ಬರಲಿ. ದೊಡ್ಡ ಮೊತ್ತ ಸುರಿಯುವ ಮೊದಲು ಅದೇ ಸರಕಿನಿಂದ ಎರಡು ವೇದಿಕೆಯಲ್ಲಿ ಅರ್ಧರ್ಧ ಗಂಟೆ ಮಾಡಿಸಿ, ವಾಪಸ್ ಬಂದದ್ದನ್ನು ಕಳೆದು ಲೆಕ್ಕ ಹಾಕಿ, ಆಮೇಲೆ ತೀರ್ಮಾನಿಸಿ. ನೇಕಾರನಿಗೂ ರೈತನಿಗೂ ನಡುವಿನವರಿಲ್ಲದೆ ಗಿರಾಕಿಯನ್ನು ಮುಟ್ಟುವ ಅವಕಾಶ ಹಿಂದೆಂದೂ ಇಷ್ಟು ಸುಲಭವಾಗಿ ಸಿಕ್ಕಿರಲಿಲ್ಲ. ಒಬ್ಬ ಗಿರಾಕಿ ಎರಡನೇ ಸಲ ಯಾವ ಲೈವ್‌ಗೂ ಕಾಯದೆ ನೇರವಾಗಿ ಅಂಗಡಿಯ ನಂಬರಿಗೆ ಫೋನ್ ಮಾಡಿದರೆ, ಆಯ್ಕೆ ಸರಿಯಾಗಿತ್ತು ಎಂದೇ ಅರ್ಥ.