ಬೀಬಿ ಹಾಜಿರಾ ಯಾರ ಅಪ್ಪಣೆ ಕೇಳಿ ಓಡಿದರು?

ಪ್ರತಿ ಭಾನುವಾರ ರಾತ್ರಿ ಇಶಾ ನಮಾಜು ಮುಗಿದು, ಮನೆಯ ಗಂಡಸರು ಟೀವಿ ಮುಂದೆ ಕೂತ ಮೇಲೆ ನಾವು ನಾಲ್ವರು ಹೆಂಗಸರು ಫೋನಿನಲ್ಲಿ ಸೇರುತ್ತೇವೆ. ನಾಲ್ವರಿಗೂ ನಲವತ್ತು ದಾಟಿದೆ. ಕೋಲಾರದ ಒಂದೇ ಉರ್ದು ಶಾಲೆಯಲ್ಲಿ ಏಳನೇ ತರಗತಿಯವರೆಗೆ ಒಂದೇ ಚಾಪೆಯ ಮೇಲೆ ಕೂತವರು, ಆಮೇಲೆ ಕನ್ನಡ ಹೈಸ್ಕೂಲಿಗೂ ಜೊತೆಯಾಗಿಯೇ ಹೋದವರು. ಒಬ್ಬಳನ್ನು ಮಾಲೂರಿಗೆ ಕೊಟ್ಟರು, ಒಬ್ಬಳನ್ನು ಮುಳಬಾಗಿಲಿಗೆ, ಇನ್ನೊಬ್ಬಳನ್ನು ಶ್ರೀನಿವಾಸಪುರಕ್ಕೆ. ಕತೆ ಬರೆಯುವ ಚಟ ಅಂಟಿಸಿಕೊಂಡ ನಾವು ಮಾತ್ರ ಕೋಲಾರದಲ್ಲೇ ಉಳಿದೆವು. ಸಲಾಮು ಮುಗಿದ ಕೂಡಲೇ ಬರುವ ಪ್ರಶ್ನೆ ಒಂದೇ: "ಕಿತ್ತಾ ಹುವಾ?" ಎಷ್ಟಾಯಿತು? ಬಂಗಾರದ ದರದ ವಿಚಾರಣೆ ಎಂದುಕೊಳ್ಳಬೇಡಿ. ಆ ವಾರ ಯಾರು ಎಷ್ಟು ಕಿಲೋಮೀಟರು ಓಡಿದರು ಎಂಬ ಲೆಕ್ಕ ಅದು. ಕಿರಾಣಿ ಅಂಗಡಿಯ ಬಾಕಿ ಬರೆಯುತ್ತಿದ್ದ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ ಅದನ್ನು ಬರೆದಿಡುವ ಕೆಲಸ ನಮ್ಮದು.

ಇದೆಲ್ಲ ಶುರುವಾದದ್ದು ಸಕ್ಕರೆ ಕಾಯಿಲೆಯಿಂದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿತ್ತು. ಆ 10 ಕೋಟಿಯಲ್ಲಿ ನಮ್ಮ ನಾಲ್ವರ ಪೈಕಿ ಇಬ್ಬರಿದ್ದೆವು. ಡಾಕ್ಟರು "ದಿನಾ ನಡೀರಿ ಅಮ್ಮಾ" ಅಂದರು. ಎಲ್ಲಿ ನಡೆಯಬೇಕೆಂದು ಚೀಟಿಯಲ್ಲಿ ಬರೆಯಲಿಲ್ಲ. ಫಜರ್ ನಮಾಜು ಮುಗಿಸಿ ಅಂತರಗಂಗೆ ಬೆಟ್ಟದ ಕಡೆಯ ರಸ್ತೆಗೆ ಇಳಿದೆವು. ಮೊದಲ ತಿಂಗಳು ಬರೀ ನಡಿಗೆ. ಆಮೇಲೆ ಒಂದು ಲೈಟುಕಂಬದಿಂದ ಇನ್ನೊಂದರವರೆಗೆ ಓಟ, ಮುಂದಿನ ಎರಡು ಕಂಬ ನಡಿಗೆ. ಮಾಲೂರಿನವಳು ಕಂಡುಹಿಡಿದ ವೇಗದ ಅಳತೆ ನಮಗೆಲ್ಲ ಈಗಲೂ ಕಾನೂನು: ಓಡುತ್ತಾ ದರೂದ್ ಹೇಳಿಕೊಳ್ಳಲು ಉಸಿರು ಸಾಕಾಗಬೇಕು, ಸಾಲದಿದ್ದರೆ ವೇಗ ಇಳಿಸಬೇಕು. ಐದನೇ ತಿಂಗಳಿಗೆ ನಿಲ್ಲದೆ 3 ಕಿಲೋಮೀಟರು ಓಡಿದೆವು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆಯಲ್ಲಿ ನಮ್ಮ ಅಂಕಿ 9.1ರಿಂದ 7.2ಕ್ಕೆ ಇಳಿದಿದೆ. ಮಾತ್ರೆ ಬಿಟ್ಟಿಲ್ಲ, ಡಾಕ್ಟರು ಹೇಳದೆ ಬಿಡಲೂ ಬಾರದು.

ನೋಟುಬುಕ್ಕಿನಲ್ಲಿ ಸೊನ್ನೆಗಳೂ ಬೇಕಾದಷ್ಟಿವೆ. ಶ್ರೀನಿವಾಸಪುರದವಳ ಲೆಕ್ಕ ಮೇ ನಡುವಿನಿಂದ ಜುಲೈವರೆಗೆ ಹೆಚ್ಚುಕಡಿಮೆ ಖಾಲಿ. ಮಾವಿನ ಕಾಲ. ನಸುಕಿನಲ್ಲೇ ಮಂಡಿಯ ಕಡೆಗೆ ಟ್ರಾಕ್ಟರು, ಟೆಂಪೊ, ಲಾರಿಗಳ ಸಾಲು ಹೊರಟರೆ ರಸ್ತೆಯ ಅಂಚಿನಲ್ಲಿ ಒಂದು ಹೆಜ್ಜೆಗೂ ಜಾಗವಿಲ್ಲ. ಮಾಲೂರಿನವಳಿಗೆ ಚಳಿಗಾಲದಲ್ಲಿ ಇಟ್ಟಿಗೆ ಗೂಡಿನ ಹೊಗೆ ಮಂಜಿನ ಜೊತೆ ನೆಲಕ್ಕೆ ಕೂತು ಕೆಮ್ಮು ಹತ್ತುತ್ತದೆ. ಕೋಲಾರದಲ್ಲಿ ನಾಯಿಗಳು, ಟೊಮ್ಯಾಟೊ ಲಾರಿಗಳು. ಮುಳಬಾಗಿಲಿನವಳದು ಹಿಮ್ಮಡಿ. ಬೆಳಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆ ಹೊಕ್ಕಂತಾಗುತ್ತದಂತೆ. ಆರು ತಿಂಗಳು ರಬ್ಬರ್ ಚಪ್ಪಲಿಯಲ್ಲೇ ಓಡಿದ ಫಲ. ಮಗನ ಹಳೇ ಶೂ ಹಾಕಿಕೊಳ್ಳಲು ಅವಳಿಗೆ ನಾಚಿಕೆಯಾಗಿತ್ತು. ಮೊಣಕಾಲು ನೋವೂ ಇದೆ, ಆದರೆ ಅದು ಓಟದ್ದೋ ನೀರಿನದೋ ಹೇಳಲು ಬರುವುದಿಲ್ಲ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದ ಫ್ಲೋರೈಡು ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಆ ಮಿತಿ ದಾಟಿದೆ, ಓಡದೇ ಇದ್ದ ನಮ್ಮ ಅಮ್ಮಂದಿರ ಕೀಲುಗಳೂ ಬಿಗಿದೇ ಇದ್ದವು. ರಂಜಾನಿನಲ್ಲಿ ದೂರ ಅರ್ಧಕ್ಕೆ ಇಳಿಯುತ್ತದೆ, ಇಫ್ತಾರಿಗೆ ಅರ್ಧ ಗಂಟೆ ಮೊದಲು ಸುಮ್ಮನೆ ನಡೆದರೆ ಸಾಕೆಂದುಕೊಂಡಿದ್ದೇವೆ. ಇಷ್ಟಾದರೂ ಒಂದು ಗುರಿ ಇಟ್ಟುಕೊಂಡಿದ್ದೇವೆ. ಒಂದೇ ವಾರದಲ್ಲಿ ನಾಲ್ವರ ಓಟ ಕೂಡಿಸಿದರೆ ಕೋಲಾರದಿಂದ ಮುಳಬಾಗಿಲಿನಷ್ಟು ಆಗಬೇಕು. ಅಂದರೆ ಸುಮಾರು 30 ಕಿಲೋಮೀಟರು.

ಇದನ್ನು ಯಾರಿಗೂ ಹೇಳದೆ ಓಡಿಕೊಂಡಿದ್ದೆವು. ಬರೆಯುವ ಉದ್ದೇಶವೂ ಇರಲಿಲ್ಲ. ಆದರೆ ಈ ನಾಲ್ಕು ಊರುಗಳಲ್ಲಿ ಒಂದರ ಜಮಾತಿನಲ್ಲಿ (ಯಾವುದೆಂದು ಹೇಳುವುದಿಲ್ಲ, ಹೇಳಿದರೆ ಉಳಿದ ಮೂರೂ ನೆಮ್ಮದಿಯಿಂದ ನಿದ್ದೆಹೋಗುತ್ತವೆ) ಹಿರಿಯರೊಬ್ಬರು ಈಚೆಗೆ ಎದ್ದು ನಿಂತು ನಮ್ಮ ವಿಷಯ ಎತ್ತಿದರಂತೆ. ಹೆಣ್ಣುಮಕ್ಕಳು ಬೀದಿಯಲ್ಲಿ ಓಡುವುದು ಬೇಹಯಾಯಿ, ಅದರಿಂದ ಫಿತ್ನಾ ಹುಟ್ಟುತ್ತದೆ, ತಂದೆ, ಗಂಡಂದಿರು ಎಚ್ಚರ ವಹಿಸಬೇಕು ಎಂದರಂತೆ. ನಮ್ಮ ಹೆಸರು ಹೇಳಿ ಬೈದಿದ್ದರೆ ನಕ್ಕು ಸುಮ್ಮನಿರುತ್ತಿದ್ದೆವು. ಸಕ್ಕರೆ ಕಾಯಿಲೆಯ ಹೆಂಗಸರನ್ನು ತಡೆಯುವ ತಂದೆಯರು ಈಗೆಲ್ಲಿದ್ದಾರೆ? ಅವರ ಮಾತು ಹೋಗಿ ನಾಟಿದ್ದು ಬೇರೊಬ್ಬಳ ಮನೆಗೆ. ಅವಳ ಸಂಗತಿ ಮುಂದೆ ಹೇಳುತ್ತೇವೆ.

ಮೊದಲು ಹಿರಿಯರಿಗೆ ಒಂದು ಪ್ರಶ್ನೆ. ತಾವು ಹಜ್ ಮಾಡಿ ಬಂದಿದ್ದೀರಿ. ಸಫಾ ಮತ್ತು ಮರ್ವಾ ಬೆಟ್ಟಗಳ ನಡುವಿನ ದಾರಿಯನ್ನು ಏಳು ಸಲ ಸವೆಸಿದ್ದೀರಿ, ಒಟ್ಟು ಮೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಹಸಿರು ದೀಪಗಳ ನಡುವೆ ಇಹ್ರಾಮ್ ಬಟ್ಟೆ ಎತ್ತಿ ಹಿಡಿದು ಓಡಿದ್ದೀರಿ. ಅಲ್ಲಿ ತಾವು ಓಡಿದ್ದು ಯಾರ ಓಟವನ್ನು? ಹಸುಗೂಸಿಗೆ ನೀರು ಹುಡುಕುತ್ತಾ ಆ ಬಯಲಿನಲ್ಲಿ ಒಬ್ಬಳೇ ಓಡಿದ ಬೀಬಿ ಹಾಜಿರಾ ಅವರ ಓಟವನ್ನು. ಮಹ್ರಮ್ ಜೊತೆಗಿರಲಿಲ್ಲ, ಜಮಾತಿನ ಅಪ್ಪಣೆ ಚೀಟಿ ಇರಲಿಲ್ಲ. ಲೋಕದ ಮುಸಲ್ಮಾನರೆಲ್ಲ ಅಂದಿನಿಂದ ಆ ಹೆಣ್ಣಿನ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಿದ್ದಾರೆ. ಹಸಿರು ದೀಪಗಳ ನಡುವೆ ಗಂಡಸರಷ್ಟೇ ಓಡಬೇಕು, ಹೆಂಗಸರು ನಡೆಯಬೇಕು ಎಂಬುದು ಫಿಕ್ಹಿನ ನಿಯಮ. ಅದರ ತಕರಾರಿಗೆ ನಾವು ಹೋಗುವುದಿಲ್ಲ. ಆದರೆ ಒಬ್ಬ ತಾಯಿಯ ಓಟ ಅಲ್ಲಿ ಇಬಾದತ್ತಾಗುವುದಾದರೆ, ಮಕ್ಕಳಿಗಾಗಿ ಬದುಕಿ ಉಳಿಯಬೇಕೆನ್ನುವ ತಾಯಂದಿರ ಓಟ ಇಲ್ಲಿ ಬೇಹಯಾಯಿ ಆಗುವುದು ಹೇಗೆ ಎಂದು ಕೇಳುವ ಹಕ್ಕು ನಮಗಿದೆ.

ಇನ್ನೊಂದನ್ನೂ ನೆನಪಿಸಬೇಕು. ಪ್ರವಾದಿಯವರು (ಸ) ಪಯಣವೊಂದರಲ್ಲಿ ಹಜರತ್ ಆಯಿಷಾ ಅವರ ಜೊತೆ ಓಟದ ಪಂದ್ಯ ಕಟ್ಟಿದ್ದು, ಮೊದಲ ಸಲ ಆಯಿಷಾ ಗೆದ್ದದ್ದು, ವರ್ಷಗಳ ಮೇಲೆ ಮೈ ತುಂಬಿಕೊಂಡಿದ್ದಾಗ ಮತ್ತೆ ಓಡಿ ಸೋತದ್ದು, ಹಳೇ ಲೆಕ್ಕ ಚುಕ್ತಾ ಆಯಿತೆಂದು ಪ್ರವಾದಿಯವರು ತಮಾಷೆ ಮಾಡಿದ್ದು, ಇದೆಲ್ಲ ಅಬೂ ದಾವೂದ್ ಹದೀಸ್ ಸಂಗ್ರಹದ ಮಾತು, ಆಯಿಷಾ ಅವರೇ ಹೇಳಿಕೊಂಡದ್ದು. ಇದನ್ನು ಒಬ್ಬ ಮೌಲ್ವಿ ಸಾಹೇಬರ ಮುಂದೆ ಇಟ್ಟೆವು. ಓದಿಕೊಂಡವರು, ಸಜ್ಜನರು. ಅವರು ನಕ್ಕು, "ಆಗ ಸಹಾಬಿಗಳನ್ನೆಲ್ಲ ಮುಂದಕ್ಕೆ ಕಳಿಸಿದ್ದರಮ್ಮಾ, ನೋಡುವವರು ಯಾರೂ ಇರಲಿಲ್ಲ" ಅಂದರು. ಸರಿ ಹಜರತ್, ತಾವೂ ಹಾಗೆಯೇ ಮುಂದಕ್ಕೆ ನಡೆಯಿರಿ. ಬೆಳಗಿನ ಜಾವ ಒಂದೂವರೆ ಗಂಟೆ ರಸ್ತೆ ಬಿಟ್ಟುಕೊಡಿ. ಮುಂದೆ ಹೋಗಬೇಕಾದವರು ನೋಡುವವರು. ಓಡುವವರನ್ನು ಮನೆಗೆ ಕಳಿಸಿದ ನಿದರ್ಶನ ಅಲ್ಲಿಲ್ಲ.

ಇದನ್ನು ಓದಿ ನಮ್ಮ ಪ್ರಗತಿಪರ ಗೆಳೆಯರು ಚಪ್ಪಾಳೆ ತಟ್ಟುವ ಮುನ್ನ ಅವರಿಗೂ ಒಂದು ಮಾತಿದೆ. ನಾವು ಬುರ್ಖಾದಲ್ಲಿ ಓಡುವುದಿಲ್ಲ, ಕಾಲಿಗೆ ಸಿಕ್ಕಿ ಬೀಳುತ್ತೇವೆ. ಸಡಿಲವಾದ ಸಲ್ವಾರು, ಮಂಡಿ ಮುಟ್ಟುವ ಕುರ್ತಾ, ತಲೆಗೆ ಬಿಗಿದು ಕಟ್ಟಿದ ದುಪಟ್ಟಾ. ಒಬ್ಬ ಸಾಹಿತಿ ಮಿತ್ರರು ಇದನ್ನು ಕಂಡು, "ಓಡುವ ಧೈರ್ಯ ಮಾಡಿದಿರಿ, ಇನ್ನು ಆ ಬಟ್ಟೆಯನ್ನೂ ತೆಗೆದುಬಿಡಿ, ಆಗ ಪೂರ್ತಿ ಬಿಡುಗಡೆ" ಅಂದರು. ಅವರು ಹತ್ತು ಹೆಜ್ಜೆ ಓಡಿದ್ದನ್ನು ನಾವು ಈವರೆಗೆ ಕಂಡಿಲ್ಲ. ಹೆಣ್ಣಿನ ಓಟಕ್ಕೆ ಷರತ್ತು ಹಾಕುವವರು ನಮ್ಮ ಮೊಹಲ್ಲಾದಲ್ಲಷ್ಟೇ ಇದ್ದಾರೆಂದು ತಿಳಿದವರು 1928ರ ಆಂಸ್ಟರ್‌ಡ್ಯಾಮ್ ಒಲಿಂಪಿಕ್ಸನ್ನು ನೆನೆಯಬೇಕು. 800 ಮೀಟರು ಓಡಿದ ಹೆಂಗಸರು ದಣಿದು ಬಿದ್ದರೆಂದು ಯೂರೋಪಿನ ದೊಡ್ಡಮನುಷ್ಯರು ಗದ್ದಲ ಎಬ್ಬಿಸಿ ಆ ಓಟವನ್ನೇ ತೆಗೆಸಿದರು. ಅದು ಮರಳಿ ಬಂದದ್ದು 1960ರಲ್ಲಿ. ಹೆಂಗಸರಿಗೆ ಒಲಿಂಪಿಕ್ ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ! ಅಲ್ಜೀರಿಯಾದ ಹಸೀಬಾ ಬುಲ್ಮೆರ್ಕಾ 1992ರಲ್ಲಿ ಬಾರ್ಸಿಲೋನಾದಲ್ಲಿ 1500 ಮೀಟರಿನ ಚಿನ್ನ ಗೆದ್ದರು. ಮೊಣಕಾಲು ಕಾಣುತ್ತದೆಂದು ಅವರಿಗೆ ಪ್ರಾಣಬೆದರಿಕೆ ಹಾಕಿದವರು ನಮ್ಮವರೇ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ತನ್ನ ತಂಡದ ಹುಡುಗಿಯರಿಗೆ ಹಿಜಾಬು ಕೂಡದೆಂದಿತು. ಅದೇ ಊರಿನಲ್ಲಿ ಮ್ಯಾರಥಾನ್ ಗೆದ್ದ ನೆದರ್‌ಲ್ಯಾಂಡ್ಸಿನ ಸಿಫಾನ್ ಹಸನ್ ಹಿಜಾಬು ತೊಟ್ಟೇ ಪದಕಕ್ಕೆ ಕೊರಳೊಡ್ಡಿದರು. 2022ರಲ್ಲಿ ನಮ್ಮದೇ ರಾಜ್ಯದ ಕಾಲೇಜು ಗೇಟುಗಳ ಮುಂದೆ ನಿಂತ ಮಕ್ಕಳನ್ನು ನಾವು ಮರೆತಿಲ್ಲ. ಒಬ್ಬರಿಗೆ ಮುಚ್ಚಿದ್ದು ಸಾಲದು, ಇನ್ನೊಬ್ಬರಿಗೆ ತೆರೆದದ್ದು ಸಾಲದು. ಇಬ್ಬರ ನಡುವೆ ನಮ್ಮ ಉಸಿರಿನ ಲೆಕ್ಕ ಕೇಳುವವರಿಲ್ಲ.

ಈಗ ಆ ಹುಡುಗಿಯ ಸಂಗತಿ. ಬಿ.ಕಾಂ. ಮುಗಿಸಿದ್ದಾಳೆ. ತಂದೆ ಗುಜರಿ ವ್ಯಾಪಾರಿ. ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕೆಂದು ಹಟ. ಆ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು, ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದಲ್ಲಿ. ಪುಸ್ತಕದ ಪರೀಕ್ಷೆಗೆ ಅವಳಿಗೆ ಹೆದರಿಕೆಯಿಲ್ಲ. ಓಡಲು ಜಾಗವಿಲ್ಲ. ಮನೆಯ ತಾರಸಿಯ ಮೇಲೆ ಓಡುತ್ತಿದ್ದಳು. ತಾರಸಿಯ ಉದ್ದ 30 ಅಡಿ. 400 ಮೀಟರಿಗೆ 44 ಸಲ ಅತ್ತಿತ್ತ. ಪ್ರತಿ ತಿರುವಿನಲ್ಲೂ ನಿಂತು, ತಿರುಗಿ, ಮತ್ತೆ ವೇಗ ಹಿಡಿಯಬೇಕು. ಎರಡು ತಿಂಗಳಿಗೆ ಮೊಣಕಾಲು ಊದಿತು. ಕೆಳಗಿನ ಮನೆಯವರು ಸೂರು ಅದುರುತ್ತದೆಂದು ಜಗಳಕ್ಕೆ ಬಂದರು. ಇಪ್ಪತ್ತೆರಡು ವರ್ಷದ ಹುಡುಗಿ ಹಕ್ಕಿಯ ಪಂಜರದಷ್ಟು ಜಾಗದಲ್ಲಿ ಓಟ ಕಲಿಯಬೇಕು!

ನಾವೇ ಅವಳನ್ನು ಊರ ಮೈದಾನಕ್ಕೆ ಕರೆದುಕೊಂಡು ಹೋದೆವು. ಬೆಳಗ್ಗೆ ಐದೂವರೆ. ಕತ್ತಲಲ್ಲಿ ಮೂವತ್ತು ನಲವತ್ತು ಹುಡುಗರು ಓಡುತ್ತಿದ್ದರು, ಹಳ್ಳಿಗಳಿಂದ ಬೈಕಿನಲ್ಲಿ ಮೂವರು ಮೂವರಾಗಿ ಬಂದವರು, ಎಲ್ಲ ಪೊಲೀಸು, ಮಿಲಿಟರಿ ಕನಸಿನವರು. ನಮಗೂ ಅಳುಕಿತ್ತು, ಸುಳ್ಳು ಹೇಳುವುದಿಲ್ಲ. ಹಿರಿಯರು ಹೇಳುವ ಫಿತ್ನಾ ಅಲ್ಲಿಯೇ ಇರಬೇಕಿತ್ತಲ್ಲ? ಹಣೆಗೆ ಕುಂಕುಮ ಇಟ್ಟಿದ್ದ ಒಬ್ಬ ಹುಡುಗ ಬಂದು, "ಆಂಟೀ, ಅಕ್ಕನಿಗೆ ಒಳಗಿನ ಸುತ್ತು ಬಿಟ್ಟುಕೊಡ್ತೀವಿ, ನಾವು ಹೊರಗೆ ಓಡ್ತೀವಿ" ಅಂದ. ತನ್ನ ಫೋನು ತೆಗೆದು ಸಮಯ ಹಿಡಿದ. ಮೊದಲ ದಿನ 2 ನಿಮಿಷ 31 ಸೆಕೆಂಡು. ಮೊದಲ ನೂರು ಮೀಟರಿಗೇ ಬಲವೆಲ್ಲ ಸುರಿಯಬೇಡಿ, ನಾಲ್ಕನೇ ನೂರಕ್ಕೆ ಇಟ್ಟುಕೊಳ್ಳಿ ಎಂದು ಅವನೇ ಹೇಳಿಕೊಟ್ಟ. ನಮ್ಮದನ್ನೂ ಅಳೆದ. 3 ನಿಮಿಷ 20. "ಆಂಟಿ ಫೇಲು" ಎಂದು ಎಲ್ಲರೂ ನಕ್ಕರು, ನಾವೂ ನಕ್ಕೆವು. ಎಲ್ಲ ಮೈದಾನಗಳೂ ಹೀಗೇ ಇರುತ್ತವೆಂದು ನಾವು ಹೇಳುವುದಿಲ್ಲ. ಆ ಮೈದಾನ ಹೀಗಿತ್ತು.

ಮೂರು ವಾರದಲ್ಲಿ ಅವಳು 2 ನಿಮಿಷ 14ಕ್ಕೆ ಬಂದಿದ್ದಳು. ಆಗ ಜಮಾತಿನ ಮಾತು ಅವಳ ತಂದೆಯ ಕಿವಿಗೆ ಬಿತ್ತು. ಆತ ಕೆಟ್ಟವನಲ್ಲ. ನಾಳೆ ಈ ಮಗಳ ನಿಕಾಹ್ ಓದಿಸಬೇಕಾದವರು, ತನ್ನ ಜನಾಜಾಕ್ಕೆ ಹೆಗಲು ಕೊಡಬೇಕಾದವರು ಅವರೇ ಎಂಬ ಭಯ ಆತನದು. ಹುಡುಗಿ ಹತ್ತು ದಿನ ಮನೆಯಿಂದ ಹೊರಬರಲಿಲ್ಲ. ಹಿರಿಯರ ಒಂದು ನಿಮಿಷದ ಮಾತು ಅವಳ ಹತ್ತು ದಿನ ತಿಂದಿತು. ನಮ್ಮ ಹುಡುಗಿಯರು ಓದಿ ನೌಕರಿ ಹಿಡಿಯುತ್ತಿಲ್ಲ, ಪೊಲೀಸಿನಲ್ಲಿ ನಮ್ಮವರಿಲ್ಲ, ಠಾಣೆಗೆ ಹೋದರೆ ನಮ್ಮ ಮಾತು ಕೇಳುವವರಿಲ್ಲ ಎಂದು ಸಭೆ ಸಭೆಯಲ್ಲಿ ಗೋಳಾಡುವವರೂ ಇವರೇ ಅಲ್ಲವೇ?

ಭಾರತದ ವಯಸ್ಕರಲ್ಲಿ ಸಾಕಷ್ಟು ಮೈಚಾಲನೆ ಇಲ್ಲದವರ ಅಂದಾಜನ್ನು ಲ್ಯಾನ್ಸೆಟ್ ವೈದ್ಯ ಪತ್ರಿಕೆಯೊಂದು 2024ರಲ್ಲಿ ಪ್ರಕಟಿಸಿತು. ಹೆಂಗಸರಲ್ಲಿ ಶೇಕಡಾ 57, ಗಂಡಸರಲ್ಲಿ 42. ಈ 15ರ ಅಂತರ ಹೆಂಗಸರ ಸೋಮಾರಿತನದಿಂದ ಬಂದದ್ದಲ್ಲ. ದಿನಕ್ಕೆ ಹದಿನಾಲ್ಕು ಗಂಟೆ ನಿಂತೇ ಇರುವವರಿಗೆ ಸೋಮಾರಿತನ ಎಲ್ಲಿಂದ ಬರಬೇಕು? ದೀಪವಿಲ್ಲದ ರಸ್ತೆ, ಬೀಗ ಹಾಕಿದ ಪಾರ್ಕು, ಶೌಚಾಲಯವಿಲ್ಲದ ಮೈದಾನ, ಜೊತೆಗೆ ಬಾಗಿಲಲ್ಲಿ ನಿಂತ ಹಿರಿಯರು. ಮಹಿಳಾ ಸಬಲೀಕರಣದ ಬ್ಯಾನರು ಕಟ್ಟಲು ಕಂಬ ಹುಡುಕುವ ಊರಾಳುವವರು ಅದೇ ಕಂಬಕ್ಕೆ ಒಂದು ಬಲ್ಬು ಹಾಕಿಸಲಿ.

ಮೈದಾನದಲ್ಲಿ ಹೆಂಗಸರಿಗೇ ಎಂದು ಒಂದು ಗಂಟೆ ಮೀಸಲಿಡಲಿ ಎಂಬುದು ಮುಳಬಾಗಿಲಿನವಳ ವಾದ. ನಮಗದು ಒಪ್ಪಿಗೆಯಿಲ್ಲ. ಇವತ್ತು ಒಂದು ಗಂಟೆ ಕೊಟ್ಟವರು ನಾಳೆ ಉಳಿದ ಇಪ್ಪತ್ತಮೂರು ಗಂಟೆ ನಿಮ್ಮದಲ್ಲ ಅನ್ನುತ್ತಾರೆ. "ನಿನಗೇನು, ನೀನು ಕತೆ ಬರೆಯುವವಳು, ಯಾರಿಗೂ ಹೆದರಲ್ಲ. ನಮಗೆ ಆ ಒಂದು ಗಂಟೆಯೂ ಇಲ್ಲವಲ್ಲೇ" ಎಂದು ಅವಳು ಬಾಯಿ ಮುಚ್ಚಿಸಿದಳು. ಈ ಜಗಳ ಇನ್ನೂ ಮುಗಿದಿಲ್ಲ.

ಹನ್ನೊಂದನೇ ದಿನ ಆ ತಂದೆಯೇ ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಮೈದಾನಕ್ಕೆ ಬಂದರು. ನಮ್ಮ ಕಡೆ ನೋಡಲಿಲ್ಲ. ತಡಿಕೆಯ ಪಕ್ಕ ಗಾಡಿ ನಿಲ್ಲಿಸಿ ಬೀಡಿ ಹಚ್ಚಿ ನಿಂತರು. ಹತ್ತು ದಿನದ ತುಕ್ಕಿಗೆ ಅವತ್ತು ಅವಳ ಓಟ 2 ನಿಮಿಷ 22.

ಕಳೆದ ಭಾನುವಾರದ ಹಾಳೆ ಹೀಗಿದೆ: ಕೋಲಾರ 12, ಮಾಲೂರು 9, ಶ್ರೀನಿವಾಸಪುರ 6, ಮುಳಬಾಗಿಲು 0, ಹಿಮ್ಮಡಿ ಇನ್ನೂ ವಾಸಿಯಿಲ್ಲ. ಒಟ್ಟು 27. ಮುಳಬಾಗಿಲು ಮುಟ್ಟಲು 3 ಕಡಿಮೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ ಹುಡುಗಿಯೇ ಬರೆದದ್ದು: 2 ನಿಮಿಷ 7 ಸೆಕೆಂಡು.