ಕಲ್ಲು ತಿರುಗಿದರೆ ಹಾಡು

ಮಕ್ಕಳೇ, ಬೇಸಿಗೆ ರಜೆಗೆ ಮುದ್ದೇಬಿಹಾಳದ ನಮ್ಮ ಮನೆಗೆ ಮೊಮ್ಮಗಳು ಬಂದಿದ್ದಳು. ಈಗ ಏಳನೆಯ ತರಗತಿಗೆ ಹೋಗುವವಳು. ಬಂದ ದಿನವೇ ಚೀಲದಿಂದ ಬಣ್ಣದ ಡಬ್ಬಿ, ದಪ್ಪ ಹಾಳೆಯ ನೋಟ್‌ಬುಕ್ಕು ತೆಗೆದು, "ಮುತ್ಯಾ, ಸೂಟಿ ಮುಗಿಯೂದರಾಗ ನಾ ಒಂದು ಚಿತ್ರದ ಪುಸ್ತಕ ಮಾಡ್ತೀನಿ" ಎಂದು ಸಾರಿದಳು. ಕಥೆಯ ನಾಯಕ ನಮ್ಮ ಓಣಿಯ ಬೆಕ್ಕು. ಅದಕ್ಕೆ ಒಂದೊಂದು ಮನೆಯಲ್ಲಿ ಒಂದೊಂದು ಹೆಸರು, ಎಲ್ಲ ಮನೆಯಲ್ಲೂ ಹಾಲು!

ಮೊದಲ ದಿನ ಆರು ಪುಟ. ಎರಡನೆಯ ದಿನ ಮೂರು. ಮೂರನೆಯ ದಿನ ಪುಟದ ಅಂಚಿಗೆ ಬರೀ ಹೂಬಳ್ಳಿ. ನಾಲ್ಕನೆಯ ದಿನ ಹನ್ನೊಂದು ಗಂಟೆಯಾದರೂ ನೋಟ್‌ಬುಕ್ಕು ಮುಚ್ಚಿಯೇ ಇತ್ತು. ಅವಳು ಫ್ಯಾನಿನ ಕೆಳಗೆ ಅಂಗಾತ ಮಲಗಿದ್ದಳು.

"ಯಾಕವಾ, ಬೆಕ್ಕು ಎಲ್ಲಿ ಹೋತು?"

"ಮನಸ್ಸ ಬರವಲ್ದು ಮುತ್ಯಾ. ಶಾಲಿಯಾಗ ಆದ್ರ ಟೀಚರ್ ಕೂಡಸ್ತಾರ. ಮನ್ಯಾಗ ಯಾರ ಕೂಡಸ್ತಾರ?"

ಒಳ್ಳೆಯ ಪ್ರಶ್ನೆ. ಮನೆಯಲ್ಲಿ ಗಂಟೆ ಹೊಡೆಯುವವರಿಲ್ಲ, ಹಾಜರಿ ಕರೆಯುವವರಿಲ್ಲ. ಚಿತ್ರ ಬರೆಯದಿದ್ದರೆ ಯಾರೂ ಬಯ್ಯುವುದಿಲ್ಲ, ಬರೆದರೆ ಯಾರೂ ಪಗಾರ ಕೊಡುವುದಿಲ್ಲ. ಅವಳಿಗೆ ಎರಡು ಬುದ್ಧಿಮಾತು ಹೇಳಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಇದೇ ಮಾತನ್ನು ನಾನೂ ಒಮ್ಮೆ ಹೇಳಿದ್ದೆ. ಒಂದು ದಿನವಲ್ಲ, ಮೂರು ವರ್ಷ ಹೇಳಿದ್ದೆ. ಅದರಿಂದ ಆದ ನಷ್ಟ ಇವತ್ತಿಗೂ ತುಂಬಿಲ್ಲ. ಆ ಕಥೆಯನ್ನೇ ಅವಳಿಗೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ.

ನಾನು ಬ್ಯಾಂಕಿನ ಗುಮಾಸ್ತ. ಬಿ.ಕಾಂ. ಮುಗಿಸಿ ಸೇರಿದವನು ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಸುತ್ತಿ ಮುದ್ದೇಬಿಹಾಳದಲ್ಲಿ ನಿವೃತ್ತನಾದೆ. ಇಂಡಿಯಲ್ಲಿದ್ದಾಗ ನಿಂಬೆಹಣ್ಣಿನ ವ್ಯಾಪಾರಿಗಳ ಹಣ ಎಣಿಸುತ್ತಲೇ ಆ ಸೀಮೆಯ ಹಲಸಂಗಿ ಎಂಬ ಹಳ್ಳಿಯ ಹೆಸರು ಕೇಳಿದ್ದೆ. ಕನ್ನಡದ ಜಾನಪದದಲ್ಲಿ ಅದು ದೊಡ್ಡ ಹೆಸರು. ಸುಮಾರು 100 ವರ್ಷಗಳ ಹಿಂದೆ ಅಲ್ಲಿ ಒಂದು ಗೆಳೆಯರ ಬಳಗವಿತ್ತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾ. ಇವರನ್ನು ಹಲಸಂಗಿ ಗೆಳೆಯರು ಎಂದೇ ಕರೆಯುತ್ತಾರೆ. ನಮ್ಮ ಭಾಗ ಆಗ ಮುಂಬಯಿ ಪ್ರಾಂತದಲ್ಲಿತ್ತು. ಈ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಕೇಳಿ ಕೇಳಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪುಸ್ತಕವಾಗಿ ಬಂತು. 1933ರಲ್ಲಿ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ'.

ಆ ಹಾಡುಗಳು ಹುಟ್ಟಿದ್ದೆಲ್ಲಿ ಗೊತ್ತೇ? ಬಹುಪಾಲು ಬೀಸುವ ಕಲ್ಲಿನ ಮುಂದೆ. ಹಿಟ್ಟಿನ ಗಿರಣಿ ಇಲ್ಲದ ಕಾಲ. ಕೋಳಿ ಕೂಗುವ ಮೊದಲೇ ಎದ್ದು, ಒಬ್ಬಳೇ ಆದರೆ ಒಬ್ಬಳೇ, ಜೊತೆ ಸಿಕ್ಕರೆ ಇಬ್ಬರು ಎದುರುಬದುರು ಕೂತು ಗೂಟ ಹಿಡಿದು ತಿರುಗಿಸಬೇಕು. ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ, ಮತ್ತೆ ತಿರುಗು, ಮತ್ತೆ ಒಂದು ಹಿಡಿ. ಆ ತಿರುಗಿನ ಲಯಕ್ಕೆ ಮೂರು ಸಾಲಿನ ಹಾಡು. ಇದನ್ನು ತ್ರಿಪದಿ ಎನ್ನುತ್ತಾರೆ. ಬಹಳ ಹಳೆಯ ಮಟ್ಟು ಇದು. ಸುಮಾರು 1300 ವರ್ಷ ಹಳೆಯದಾದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೂ ತ್ರಿಪದಿ ಇದೆ. ತವರಿನ ನೆನಪು, ಕೂಸಿನ ಆಟ, ಅಣ್ಣನ ದಾರಿ ಕಾಯುವುದು, ಎಲ್ಲವೂ ಈ ಮೂರು ಸಾಲಿನಲ್ಲಿ ಹಿಡಿಸುತ್ತಿತ್ತು. ಹಾಡು ಕಟ್ಟಿದವರ ಹೆಸರು ಮಾತ್ರ ಎಲ್ಲೂ ಉಳಿದಿಲ್ಲ.

ಅಂಥ ಹಾಡು ಬಲ್ಲವಳೊಬ್ಬಳು ನಮ್ಮ ಮನೆತನದಲ್ಲೇ ಇದ್ದಳು. ನನ್ನ ತಾಯಿಯ ಅಕ್ಕ, ನನ್ನ ದೊಡ್ಡವ್ವ. ಸಿಂದಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಮಗನ ಮನೆಯಲ್ಲಿದ್ದಳು. ನಾನು ನಿವೃತ್ತನಾದಾಗ ಅವಳಿಗೆ ಎಂಬತ್ತೈದು ದಾಟಿತ್ತು. ಹಲಸಂಗಿ ಗೆಳೆಯರು ಮಾಡಿದ್ದನ್ನು ನಾನು ನಮ್ಮ ಮನೆಯ ಮಟ್ಟಿಗಾದರೂ ಮಾಡಬೇಕು ಎಂದುಕೊಂಡು ಒಂದು ದಿನ ಪೆನ್ನು, ಹಾಳೆ ಹಿಡಿದು ಹೋದೆ.

ಅವಳನ್ನು ಕುರ್ಚಿಯಲ್ಲಿ ಕೂಡಿಸಿ, "ಹಾಡು ದೊಡ್ಡವ್ವಾ" ಎಂದೆ. ಅವಳು ಒಂದು ಸಾಲು ಹೇಳಿದಳು, ನಿಂತಳು. ಇನ್ನೊಂದು ತೆಗೆದಳು, ಅದೂ ನಡುವೆ ಕಡಿಯಿತು. "ಎಲ್ಲಾ ಮರತ್ಹೋಗೇತಿ ತಮ್ಮಾ" ಎಂದು ನಕ್ಕಳು. ನನಗೆ ಬೇಸರವಾಯಿತು. ಆಗ ಅವಳು ಕುರ್ಚಿಯಿಂದ ಇಳಿದು ನೆಲಕ್ಕೆ ಕೂತಳು. ಒಂದು ಕಾಲು ಚಾಚಿ, ಒಂದು ಮಡಚಿ, ಎದುರಿಗೆ ಕಲ್ಲು ಇದ್ದಂತೆ ಬರಿಗೈಯನ್ನು ಗುಂಡಗೆ ತಿರುಗಿಸತೊಡಗಿದಳು. ನಾಲ್ಕು ಸುತ್ತು, ಐದು ಸುತ್ತು. ಆಮೇಲೆ ಹಾಡು ಬಂತು! ಒಂದರ ಹಿಂದೆ ಒಂದು. ಬರೆದುಕೊಳ್ಳಲು ನನ್ನ ಕೈ ಸಾಲದು. ಕ್ಯಾಶ್ ಕೌಂಟರಿನಲ್ಲಿ ಮೂವತ್ತು ವರ್ಷ ನೋಟು ಎಣಿಸಿದ ಬೆರಳುಗಳು ಅಂದು ಸೋತವು. ಒಟ್ಟು ಹನ್ನೊಂದು ಹಾಡು ಬರೆದುಕೊಂಡೆ.

"ಈಗ ಹೆಂಗ ನೆನಪಾತು?" ಎಂದು ಕೇಳಿದೆ.

"ಕಲ್ಲ ತಿರುಗಿದ್ರ ಹಾಡ ಬರತೈತಿ. ಸುಮ್ನ ಕುಂತ್ರ ಎಲ್ಲಿಂದ ಬರಬೇಕಪಾ?"

ಹೊರಡುವಾಗ, "ಮತ್ತ ಬಾ, ಇನ್ನೂ ಭಾಳ ಅದಾವ" ಎಂದಳು.

ಮನೆಗೆ ಬಂದು ನಾನು ಮಾಡಿದ್ದೇನು? ರಟ್ಟಿನ ಹೊದಿಕೆಯ ಒಂದು ಚೆಂದದ ನೋಟ್‌ಬುಕ್ಕು ಕೊಂಡೆ. ಬರೆಯಲು ಮೇಜು ಬೇಕೆನಿಸಿತು, ಬಡಿಗನಿಗೆ ಹೇಳಿದೆ. ಮೇಜು ಬಂದ ಮೇಲೆ ಕೋಣೆಯಲ್ಲಿ ಸದ್ದು ಜಾಸ್ತಿ ಎನಿಸಿತು. ಸದ್ದು ಅಡಗಿದ ದಿನ ಮನಸ್ಸಿಗೆ ಹುರುಪಿರಲಿಲ್ಲ. 'ಮನಸ್ಸು ಬಂದಾಗ ಸಿಂದಗಿಗೆ ಹೋದರಾಯಿತು, ಬಸ್ಸಿಗೇನು ಕಡಿಮೆ' ಎಂದುಕೊಂಡೆ. ಮಳೆಗಾಲ ಕಳೆದು ಚಳಿ ಬಂತು, ಚಳಿ ಕಳೆದು ಜಾತ್ರೆ ಬಂತು. ಹೀಗೆ ಮೂರು ವರ್ಷ. ಒಂದು ಬೆಳಿಗ್ಗೆ ದೊಡ್ಡವ್ವನ ಮಗ ಫೋನ್ ಮಾಡಿದ. ಸಿಂದಗಿಯ ಬಸ್ಸು ಹತ್ತಿದೆ, ಆದರೆ ಮಣ್ಣಿಗೆ ಹೋಗಲು.

ಹನ್ನೊಂದೇ ಹಾಡು ಉಳಿದವು. ಮಿಕ್ಕವು ಅವಳ ಜೊತೆಯೇ ಹೋದವು. ಮೇಜು ಮಾತ್ರ ಇವತ್ತಿಗೂ ಗಟ್ಟಿಯಾಗಿದೆ.

ಆಮೇಲೆ ಬಹಳ ದಿನ ನನ್ನನ್ನು ಒಂದು ವಿಚಾರ ಕಾಡಿತು. ಬೀಸುವ ಹೆಂಗಸು ಎಂದಾದರೂ 'ಇವತ್ತು ಹಾಡಲು ಹುರುಪಿಲ್ಲ, ಹುರುಪು ಬಂದ ಮೇಲೆ ಬೀಸುತ್ತೇನೆ' ಎಂದಳೇ? ಹಾಗೆ ಎಂದಿದ್ದರೆ ಬೆಳಿಗ್ಗೆ ಮನೆಯಲ್ಲಿ ರೊಟ್ಟಿ ಇಲ್ಲ! ಅವಳು ಮೊದಲು ಕೈ ಹಚ್ಚಿದಳು. ಹುರುಪು ಹಿಟ್ಟಿನ ಹಾಗೆ ಆಮೇಲೆ ಕಲ್ಲಿನ ಸುತ್ತ ಉದುರಿತು. ನಾನು ಮಾತ್ರ ಹಿಟ್ಟು ಮೊದಲು ಬರಲಿ, ಆಮೇಲೆ ಕಲ್ಲು ತಿರುಗಿಸುತ್ತೇನೆ ಎಂದು ಕೂತಿದ್ದೆ.

ಇನ್ನೂ ನಾಚಿಕೆಯ ಮಾತೆಂದರೆ, ಇದು ನನಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಅಷ್ಟು ವರ್ಷ ಬೆಳಿಗ್ಗೆ ಹತ್ತೂವರೆಗೆ ಕೌಂಟರ್ ತೆರೆದವನು ನಾನು. 'ಇವತ್ತು ಮನಸ್ಸಿಲ್ಲ' ಎಂದು ಒಂದು ದಿನವೂ ಬಾಗಿಲ ಮೇಲೆ ಬರೆದು ಹಾಕಿರಲಿಲ್ಲ. ಕೌಂಟರಿನ ಆಚೆ ಜನ ನಿಂತಿರುತ್ತಿದ್ದರಲ್ಲ! ಮನೆಯಲ್ಲಿ ಮಾಡುವ ಕೆಲಸಕ್ಕೆ ಇಲ್ಲದ್ದು ಎರಡೇ: ತೆರೆಯುವ ಹೊತ್ತು ಮತ್ತು ಆಚೆ ನಿಂತು ಕಾಯುವ ಒಬ್ಬರು. ಹಲಸಂಗಿಯವರು ನಾಲ್ಕು ಜನ ಇದ್ದದ್ದು ಸುಮ್ಮನೆ ಅಲ್ಲ ಎಂದು ನನಗೆ ಈಗ ಅನಿಸುತ್ತದೆ. ಒಬ್ಬನಿಗೆ ಬೇಸರ ಬಂದರೆ ಇನ್ನೊಬ್ಬ ಕೇಳಲು ಇರುತ್ತಾನೆ. ನಮ್ಮ ವಿಜಯಪುರದ ಫ.ಗು. ಹಳಕಟ್ಟಿಯವರನ್ನು ನೋಡಿ. ಅವರು ವಕೀಲರು. ವಚನಗಳ ಹಳೆಯ ಓಲೆಗರಿಗಳನ್ನು ಹುಡುಕಿ ಓದಿ ಅಚ್ಚು ಹಾಕಿಸಿದವರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರುಮಾಡಿ ಹಲವು ವರ್ಷ ನಡೆಸಿದರು. ಪತ್ರಿಕೆ ಅಂದ ಮೇಲೆ ಅದಕ್ಕೊಂದು ತಾರೀಖು, ಅದಕ್ಕಾಗಿ ಕಾಯುವ ಓದುಗರು. ಮನಸ್ಸು ಬರಲಿ ಎಂದು ತಾರೀಖು ನಿಲ್ಲುತ್ತದೆಯೇ?

ಇಷ್ಟು ಹೇಳುವಷ್ಟರಲ್ಲಿ ಮೊಮ್ಮಗಳು ಎದ್ದು ಕೂತಿದ್ದಳು. ನಾವಿಬ್ಬರೂ ಸೇರಿ ಪಡಸಾಲೆಯಲ್ಲಿ ಒಂದು ಬ್ಯಾಂಕು ತೆರೆದೆವು. ನಿಯಮಗಳು ನಾಲ್ಕು.

ಒಂದು, ಹತ್ತೂವರೆಗೆ ಕೌಂಟರ್ ತೆರೆಯಬೇಕು. ಹದಿನೈದೇ ನಿಮಿಷ. ಮೇಲೆ ಮಾಡಿದರೆ ಅವಳ ಖುಷಿ, ಆದರೆ ಕಡಿಮೆ ಇಲ್ಲ.

ಎರಡು, ಕೌಂಟರಿನಲ್ಲಿ ಕೂತವಳು ಆಡಿಟ್ ಮಾಡಬಾರದು. ಬೆಕ್ಕಿನ ಬಾಲ ಸೊಟ್ಟಗಾಯಿತೋ ನೆಟ್ಟಗಾಯಿತೋ ಎಂಬುದೆಲ್ಲ ಸಂಜೆಯ ವಿಚಾರ. ಕ್ಯಾಶಿಯರನೇ ಆಡಿಟರ್ ಆದರೆ ಸರದಿ ಮುಂದೆ ಸಾಗುವುದಿಲ್ಲ.

ಮೂರು, ಇವತ್ತಿನ ಅಂತಿಮ ಶಿಲ್ಕೇ ನಾಳೆಯ ಆರಂಭದ ಶಿಲ್ಕು. ಹಾಗಾಗಿ ಪೂರ್ತಿ ಮುಗಿಸಿ ಏಳಬಾರದು. ನಾಳೆ ಬರೆಯುವ ಚಿತ್ರದ ಒಂದು ಗೆರೆ ಎಳೆದಿಟ್ಟು ಏಳಬೇಕು. ಮರುದಿನ ಖಾಲಿ ಹಾಳೆಯ ಮುಂದೆ ಹೆದರುವುದು ತಪ್ಪುತ್ತದೆ.

ನಾಲ್ಕು, ದಿನದ ಲೆಕ್ಕ ಬರೆಯಬೇಕು. ಸೊನ್ನೆಯಾದರೆ ಸೊನ್ನೆ ಎಂದೇ ಬರೆಯಬೇಕು. ಸುಳ್ಳು ಇಲ್ಲ, ಅಳು ಇಲ್ಲ.

"ಮತ್ತ ಆಚೆ ನಿಂದ್ರೋರು ಯಾರು?" ಎಂದು ಅವಳೇ ಕೇಳಿದಳು. ನಾನು ಕೌಂಟರಿನ ಆಚೆ, ಅಂದರೆ ಜೋಕಾಲಿಯ ಮೇಲೆ, ಗಿರಾಕಿಯಾಗಿ ಕೂತೆ. ಆದರೆ ಅವಳು ಬಲು ಜಾಣೆ. "ನಿಂದೇನು ಮುತ್ಯಾ? ನಿನ್ನ ಆ ರಟ್ಟಿನ ನೋಟ್‌ಬುಕ್ಕ ಖಾಲಿನೇ ಐತಲ್ಲ?" ಎಂದಳು.

ಸಿಕ್ಕಿಬಿದ್ದೆ. ಮರುದಿನದಿಂದ ಮೇಜಿನ ಆ ಕಡೆ ಅವಳು, ಈ ಕಡೆ ನಾನು.

ನನ್ನ ಬಳಿ ಇದ್ದದ್ದು ಹನ್ನೊಂದು ಹಾಡಿನ ಹಳೆಯ ಹಾಳೆಗಳು. ಅವನ್ನು ನೋಟ್‌ಬುಕ್ಕಿಗೆ ಇಳಿಸುತ್ತ ಹೋದೆ. ಐದನೆಯದು ಬರೆಯುವಾಗ, ಇದರ ಜೋಡಿ ಹಾಡೊಂದು ಇತ್ತಲ್ಲ, ಚಿಕ್ಕಂದಿನಲ್ಲಿ ಕೇಳಿದ್ದೆನಲ್ಲ ಎಂದು ಹೊಳೆಯಿತು. ಬಸವನ ಬಾಗೇವಾಡಿಯಲ್ಲಿರುವ ತಂಗಿಗೆ ಫೋನ್ ಮಾಡಿದೆ. "ಎಲ್ಲಿ ನೆನಪಾಗಬೇಕಣ್ಣಾ" ಎಂದಳು. ನಾನು ಬಿಡಲಿಲ್ಲ. "ರೊಟ್ಟಿ ಬಡಿಯುವಾಗ ಫೋನ್ ಪಕ್ಕಕ್ಕಿಟ್ಟುಕೊಂಡು ಕೂಡು" ಎಂದೆ. ರವಿವಾರ ಬೆಳಿಗ್ಗೆ ಅವಳು ಹಾಗೇ ಮಾಡಿದಳು. ಪಟ್ ಪಟ್ ಎಂಬ ಸದ್ದು. ಎರಡು ರೊಟ್ಟಿ ಆಗುವವರೆಗೆ ಬರೀ ಸದ್ದು. ಮೂರನೆಯ ರೊಟ್ಟಿಗೆ ಹಾಡು ಬಂತು.

ಅಂದಿನಿಂದ ರವಿವಾರ ತಪ್ಪಿಲ್ಲ. ನಾನು ವಾರದಲ್ಲಿ ಬರೆದದ್ದನ್ನು ಓದುತ್ತೇನೆ, ಅವಳು ತಪ್ಪಿದ್ದನ್ನು ತಿದ್ದುತ್ತಾಳೆ. ಒಂದು ವಾರ ಸೋಮಾರಿಯಾದರೆ, "ಈ ವಾರ ಸೊನ್ನೆ ಏನಣ್ಣಾ?" ಎಂಬ ಮಾತು ಕೇಳಬೇಕಲ್ಲ ಎಂದು ಶನಿವಾರವಾದರೂ ಪೆನ್ನು ಹಿಡಿಯುತ್ತೇನೆ. ಹನ್ನೊಂದು ಈಗ ಹತ್ತೊಂಬತ್ತಾಗಿದೆ.

ಮೊಮ್ಮಗಳ ಬೆಕ್ಕು ರಜೆ ಮುಗಿಯುವ ಹೊತ್ತಿಗೆ ಇಪ್ಪತ್ತೆರಡು ಪುಟ ನಡೆದಿತ್ತು. ಇನ್ನೂ ಎರಡು ಮನೆ ಬಾಕಿ. ಅವಳ ದಿನದ ಲೆಕ್ಕದಲ್ಲಿ ನಾಲ್ಕು ಸೊನ್ನೆಗಳಿವೆ. ಒಂದೂ ಅಳಿಸಿಲ್ಲ. ನನ್ನ ಲೆಕ್ಕದಲ್ಲಿ ಏಳು.

ಇಪ್ಪತ್ತನೆಯ ಹಾಡು ಒಂದಿದೆ. ತಂಗಿಗೆ ಎರಡು ಸಾಲು ನೆನಪಿದೆ, ಮೂರನೆಯದು ಇಲ್ಲ. ತ್ರಿಪದಿ ಎರಡೇ ಕಾಲಿನ ಮೇಲೆ ನಿಂತಿದೆ. ನಾನೇ ಒಂದು ಸಾಲು ಹೊಂದಿಸಿ ಬರೆಯಬಹುದಿತ್ತು. ಆದರೆ ಕ್ಯಾಶಿನಲ್ಲಿ ಕಡಿಮೆ ಬಿದ್ದದ್ದನ್ನು ಜೇಬಿನಿಂದ ತುಂಬಿದರೆ ಲೆಕ್ಕ ತಾಳೆಯಾದಂತಲ್ಲ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ದೊಡ್ಡವ್ವ 'ಮತ್ತ ಬಾ' ಎಂದಾಗ ನಾನು ಹೋಗಿದ್ದರೆ ಅಲ್ಲಿ ಇರುತ್ತಿದ್ದ ಸಾಲು ಅದು.

ಮಕ್ಕಳೇ, ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ, ಆಯಿ ಇದ್ದರೆ, ಈ ರವಿವಾರ ಒಂದು ಹಾಡು ಕೇಳಿ ಬರೆದುಕೊಳ್ಳಿ. ಚೆಂದದ ನೋಟ್‌ಬುಕ್ಕು ಬೇಡ, ಹಳೆಯ ಪಟ್ಟಿಯ ಹಿಂದಿನ ಹಾಳೆ ಸಾಕು. ಕುರ್ಚಿಯಲ್ಲಿ ಕೂಡಿಸಿ ಕೇಳಬೇಡಿ. ಅಕ್ಕಿ ಆರಿಸುವಾಗ, ಬತ್ತಿ ಹೊಸೆಯುವಾಗ, ಕೌದಿ ಹೊಲಿಯುವಾಗ ಪಕ್ಕದಲ್ಲಿ ಕೂತು ಕೇಳಿ. ಅಜ್ಜ-ಅಜ್ಜಿಯರೇ, ನಿಮಗೂ ಒಂದು ಮಾತು. ಮೊಮ್ಮಗು ಚಿತ್ರ ಬರೆಯಲು ಕೂತಾಗ ಹೊಗಳಲೇಬೇಕೆಂದಿಲ್ಲ, ತಿದ್ದಲೂ ಬೇಡ. ಕೌಂಟರಿನ ಆಚೆ ಹದಿನೈದು ನಿಮಿಷ ಗಿರಾಕಿಯಾಗಿ ಕೂಡಿ.

ಗಡಿಯಾರ ಹತ್ತೂವರೆ ತೋರಿಸುತ್ತಿದೆ. ನಾನು ಏಳುತ್ತೇನೆ.