ಚಾಕು ತೆರೆಯ ಮೇಲೆ, ಸರಪಳಿ ಕಾಲಿನಲ್ಲಿ

1960ರಲ್ಲಿ ಹಿಚ್‌ಕಾಕ್ ‘ಸೈಕೋ’ ತೆಗೆದ. ಸತ್ತ ತಾಯಿಯ ಬಟ್ಟೆ ತೊಟ್ಟು ಕೊಲ್ಲುವ ಮಗನ ಕಥೆ. ಆ ಹೆಸರು ಇವತ್ತು ನಮ್ಮ ಹಳ್ಳಿ ಹುಡುಗರ ಬಾಯಲ್ಲೂ ಬೈಗುಳ. ಒಂದೇ ಮೈಯಲ್ಲಿ ಇಬ್ಬರಿದ್ದರೆ ಅದೇ ಸ್ಕಿಜೋಫ್ರೇನಿಯಾ ಅಂತ ಆ ಚಿತ್ರವೂ ಅದರ ಮರಿಗಳೂ ಜನಕ್ಕೆ ನಂಬಿಸಿಬಿಟ್ಟವು. ಶುದ್ಧ ಸುಳ್ಳು. ಅದು ಬೇರೆಯದೇ ತೊಂದರೆ. ಸ್ಕಿಜೋಫ್ರೇನಿಯಾ ಅಂದರೆ ಯಾರೂ ಮಾತಾಡದಿದ್ದರೂ ದನಿ ಕೇಳುವುದು, ಉಣ್ಣೋ ಅನ್ನಕ್ಕೆ ಯಾರೋ ವಿಷ ಹಾಕಿದ್ದಾರೆಂದು ನಂಬುವುದು, ಮಾತು ಬಿಟ್ಟು ಮೂಲೆ ಸೇರುವುದು. ಇವರಲ್ಲಿ ಹೆಚ್ಚಿನವರು ಯಾರ ಮೇಲೂ ಕೈ ಮಾಡುವವರಲ್ಲ, ಏಟು ತಿನ್ನುವವರು. ಎಷ್ಟೋ ಜನ ಮಾತ್ರೆಯಿಂದ ತಹಬಂದಿಗೆ ಬರುತ್ತಾರೆ. ಆದರೆ ಮಾತ್ರೆ ನುಂಗಿ ಹೊಲಕ್ಕೆ ಹೋಗುವವನ ಕಥೆಗೆ ಯಾವ ನಿರ್ಮಾಪಕ ದುಡ್ಡು ಹಾಕ್ತಾನೆ?

ಭಯ ಬೇಕೇನ್ರಪ್ಪಾ ನಿಮಗೆ? ತಮಿಳುನಾಡಿನ ಏರ್ವಾಡಿಗೆ ಕ್ಯಾಮರಾ ಹೊರಿ. ದರ್ಗಾದಲ್ಲಿ ವಾಸಿಯಾಗಲೆಂದು ಮನೆಯವರು ಕರೆತಂದ ರೋಗಿಗಳನ್ನು ಅಲ್ಲಿನ ಖಾಸಗಿ ಆಶ್ರಮದವರು ಸರಪಳಿಯಲ್ಲಿ ಬಿಗಿದಿದ್ದರು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥದೊಂದು ಆಶ್ರಮಕ್ಕೆ ಬೆಂಕಿ ಬಿತ್ತು. ಓಡಲಾಗದೆ 28 ಮಂದಿ ಸತ್ತರು.

ಸರಪಳಿ ಹಾಕಕೂಡದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತೆ. ಇವರನ್ನು ಕಟ್ಟಿಹಾಕಿ ಅಂತ ದೆವ್ವದ ಸಿನಿಮಾ ಇನ್ನೂ ಹೇಳುತ್ತಲೇ ಇದೆ. ಮೇಷ್ಟ್ರೇ, ನಿಮ್ಮ ಹುಡುಗರು ಕಲ್ಲು ಹಿಡಿದು ಯಾರ ಹಿಂದೆ ಓಡುತ್ತಾರೆ, ನೋಡಿದ್ದೀರಾ?